ಚಹಾಪುಡಿ ಅಂಗಡಿಯ ಹೊಸ ಬೋರ್ಡು

ಪೇಟೆಯಲ್ಲಿ ಎಲ್ಲರೂ ಆಕೆಯನ್ನು ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಬೋರ್ಡು ಬರೆಯುವುದು ಆಕೆ ಅಪ್ಪನಿಂದ ಕಲಿತ ಕೆಲಸ. ಅರ್ಧ ಪೇಟೆಯ ಅಂಗಡಿಗಳ ನೆತ್ತಿಯ ಮೇಲೆ ಆಕೆಯದೇ ಅಕ್ಷರ. ಹೇಳಿದ್ದನ್ನು ಬರೆದುಕೊಡುವುದಷ್ಟೇ ತನ್ನ ಪಾಲಿನದು, ಅದರ ಸುಳ್ಳು ನಿಜ ಅಂಗಡಿಯವರಿಗೆ ಸೇರಿದ್ದು ಎಂದುಕೊಂಡೇ ಆಕೆ ತಲೆ ನರೆಸಿಕೊಂಡಿದ್ದಳು. ತಮ್ಮ ಸತ್ತ ಮೇಲೆ ಹಾಗೆ ಅಂದುಕೊಳ್ಳುವುದು ಸಾಧ್ಯವಾಗಲಿಲ್ಲ.

ಅವನು ಬಸ್ಸಿನ ಡ್ರೈವರು. ಹೊಗೆಸೊಪ್ಪನ್ನು ಕೆನ್ನೆಗೊತ್ತಿಕೊಂಡೇ ಸ್ಟೀರಿಂಗ್ ಹಿಡಿದವನು. ಕೆನ್ನೆಯೊಳಗೆ ಮಾಯದ ಹುಣ್ಣಾಯಿತು. ಪರೀಕ್ಷೆ ಮಾಡಿಸಿದ ವೈದ್ಯೆ, ಇದು ಕ್ಯಾನ್ಸರ್, ಇನ್ನೂ ಚಿಕ್ಕದು, ಈಗಲೇ ಆಪರೇಷನ್ ಮಾಡಿ ತೆಗೆಯಬೇಕು ಎಂದರು. ಹೆದರಿದ ತಮ್ಮ, ಮೂಲೆಯ ಚಹಾಪುಡಿ ಅಂಗಡಿಯವನ ಮುಂದೆ ಗೋಳು ತೋಡಿಕೊಂಡ.

"ಕೊಯ್ಸಿಕೊಳ್ಳೋದು ಯಾಕಪ್ಪ? ಹಸಿರು ಚಹಾ ಕುಡಿ, ತಾನೇ ಕರಗುತ್ತೆ," ಎಂದ ಅಂಗಡಿಯವನು.

ಚಳಿಗಾಲ ಪೂರ್ತಿ ತಮ್ಮ ಅದನ್ನೇ ಕುಡಿದ. ಮತ್ತೆ ಆಸ್ಪತ್ರೆ ಮೆಟ್ಟಿಲು ಹತ್ತುವಷ್ಟರಲ್ಲಿ ರೋಗ ಕೊರಳಿಗೂ ಹಬ್ಬಿತ್ತು.

ಅವನ ಸಾವಿನ ನಂತರ ಆಕೆ ವೈದ್ಯೆಯನ್ನೇ ಹೋಗಿ ಕೇಳಿದಳು. ಅವರು ಬಿಡಿಸಿ ಹೇಳಿದರು: ಹಸಿರು ಚಹಾದ ಕೆಲವು ಅಂಶಗಳು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬಾಯಿಯ ಕ್ಯಾನ್ಸರ್ ಕೋಶಗಳನ್ನು ಕೊಂದದ್ದು ನಿಜ. ಕ್ಯಾನ್ಸರಿಗೆ ಮೊದಲು ಬಾಯಲ್ಲಿ ಕಾಣಬಹುದಾದ ಬಿಳಿ ಮಚ್ಚೆಗಳು ಕೆಲವರಲ್ಲಿ ಕುಗ್ಗಿದ್ದೂ ಉಂಟು. ಆದರೆ ಬಂದ ಕ್ಯಾನ್ಸರನ್ನು ಚಹಾ ವಾಸಿಮಾಡುತ್ತದೆಂದು ಸಾಬೀತಾಗಿಲ್ಲ. ಸಂಶೋಧಕರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಅವರ ಅರ್ಧ ಮಾತನ್ನು ಮಾರಿ ಉಳಿದರ್ಧವನ್ನು ನುಂಗಿಕೊಂಡವನದು ತಪ್ಪು.

ಅದೇ ಮಹಾಶಯ, ಸತ್ತವನು ಯಾರ ತಮ್ಮನೆಂದು ಗೊತ್ತಿದ್ದೂ, ಹೊಸ ಬೋರ್ಡಿಗೆ ಆಕೆಯನ್ನೇ ಕರೆದ.

"ಅಕ್ಕ, ಕೆಂಪಕ್ಷರ, ದಪ್ಪಗೆ. ಬಸ್ಸಲ್ಲಿ ಕೂತವರ ಕಣ್ಣಿಗೂ ಹೊಡೀಬೇಕು."

"ಹೊಡೆಯೋ ಹಾಗೇ ಬರೀತೀನಿ ಬಿಡಪ್ಪ."

ಆಕೆಗೆ ಬೇಕಿದ್ದುದು ಸೇಡು. ಅದನ್ನು ಸಮಾಜಸೇವೆ ಎಂದು ಕರೆದರೆ ಸುಳ್ಳಾದೀತು.

ಪೇಟೆ ಕಿಕ್ಕಿರಿದ ಹೊತ್ತು ನೋಡಿಯೇ ಏಣಿ ಹಾಕಿದಳು. ಮೊದಲ ಸಾಲು ಅವನು ಹೇಳಿದಂತೆಯೇ ಮೂಡಿತು: 'ಹಸಿರು ಚಹಾ ಬಾಯಿಯ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ.' ಅಂಗಡಿಯವನು ಹೊರಬಂದು ಕತ್ತೆತ್ತಿ ನೋಡಿ, "ಕೈ ಅಂದ್ರೆ ಇದು!" ಎಂದು ಹಿಗ್ಗಿ, ಒಳಗೆ ತಕ್ಕಡಿಯ ಮುಂದೆ ಕೂತ. ಅಲ್ಲಿಂದ ಬೋರ್ಡು ಕಾಣುವುದಿಲ್ಲ.

ಆಕೆ ಕೆಳಗೆ ಬರೆದಳು: 'ಗಾಜಿನ ತಟ್ಟೆಯಲ್ಲಿ.'

ಎದುರಿನ ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬಂದು ಓದಿದ. "ಏನಕ್ಕ, ಲೋಟದಲ್ಲಿ ಕುಡಿದ್ರೆ ಆಗಲ್ವಾ?"

ನಾಲ್ಕಾರು ಜನ ನಕ್ಕರು. "ತಡಿಯೋ, ಇನ್ನೊಂದು ಸಾಲಿದೆ," ಎಂದಳು ಆಕೆ, ತಿರುಗಿ ನೋಡದೆ.

'ನನ್ನ ತಮ್ಮನ ಬಾಯಲ್ಲಿ ಕೊಲ್ಲಲಿಲ್ಲ.'

ನಗು ಗಕ್ಕನೆ ನಿಂತಿತು. ಹೊರಗಿನ ಗದ್ದಲ ಅಡಗಿದ್ದಕ್ಕೆ ಅಂಗಡಿಯವನು ಎದ್ದು ಬಂದು ನೋಡಿದ.

"ಏನಕ್ಕ ಇದು! ಅಳಿಸು ಮೊದ್ಲು!"

"ಅಳಿಸ್ತೀನಿ. ಅವನಿಗೆ ಏನು ಹೇಳಿದ್ದೆ ಅಂತ ಇವರೆಲ್ಲರ ಮುಂದೆ ಹೇಳು."

"ನಾನೇನು ಡಾಕ್ಟ್ರಾ? ನನ್ನ ಮಾತು ಅವನು ಯಾಕೆ ಕೇಳ್ಬೇಕಿತ್ತು?"

"ಅದನ್ನೂ ಸೇರಿಸಿ ಹೇಳು. ಗಟ್ಟಿಯಾಗಿ."

ಅವನು ಏಣಿಗೆ ಕೈ ಹಾಕಿದ. ಕ್ಷೌರಿಕ ಬಂದು ಏಣಿಯನ್ನು ಭದ್ರವಾಗಿ ಹಿಡಿದುಕೊಂಡು, "ಹೇಳ್ಬಿಡಿ ಸಾವ್ಕಾರ್ರೆ, ನಾವೂ ಕೇಳೋಣ," ಎಂದ. ಆಗಷ್ಟೇ ಪೊಟ್ಟಣ ಕಟ್ಟಿಸಿಕೊಂಡಿದ್ದ ಹೆಂಗಸೊಬ್ಬಳು ಅದನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು, "ನಮ್ಮ ಯಜಮಾನರ ಬಾಯಿಹುಣ್ಣಿಗೆ ಅಂತ ತಗೊಂಡಿದ್ದೆ. ಅಕ್ಕ, ಯಾವ ಆಸ್ಪತ್ರೆ?" ಎಂದು ಮೇಲೆ ನೋಡಿದಳು. ಬಣ್ಣದಕ್ಕ ಆಸ್ಪತ್ರೆಯ ದಾರಿ ಹೇಳಿ, ಇವತ್ತೇ ಕರೆದುಕೊಂಡು ಹೋಗು ಎಂದಳು.

ಅಂಗಡಿಯವನು ಒಳಹೊಕ್ಕು ಗಡಗಡನೆ ಶಟರು ಎಳೆದುಕೊಂಡ.

ಅಲ್ಲಿಗೆ ಮುಗಿಯಿತೆಂದು ಜನ ಚದುರತೊಡಗಿದರು. ಬಣ್ಣದಕ್ಕ ಇಳಿದು ಬಂದಳು. ಉದ್ದಕ್ಕೂ ಅಗಲಕ್ಕೂ ಖಾಲಿ ಬಿದ್ದಿದ್ದ ಶಟರನ್ನು ಕಣ್ಣಲ್ಲೇ ಅಳೆದು, ಬಟ್ಟೆಯಿಂದ ಧೂಳು ಒರೆಸಿ, ಅಗಲವಾದ ಬ್ರಷ್ಷನ್ನು ಡಬ್ಬಿಗೆ ಅದ್ದಿದಳು. ಅವನು ಹೇಳಲೊಲ್ಲದ ಮಾತನ್ನು, ತಮ್ಮ ತನಗೆ ಹೇಳಿದ್ದಂತೆಯೇ, ಒಂದಕ್ಷರ ಬಿಡದೆ ಬರೆದಳು: 'ಕೊಯ್ಸಿಕೊಳ್ಳೋದು ಯಾಕಪ್ಪ? ಹಸಿರು ಚಹಾ ಕುಡಿ, ತಾನೇ ಕರಗುತ್ತೆ.' ಕೆಳಗೆ, ಹೇಳಿದವರು ಈ ಅಂಗಡಿಯ ಮಾಲೀಕರು ಎಂದೂ ಸೇರಿಸಿದಳು.

ಆಮೇಲೆ ಶಟರಿನ ಹತ್ತಿರ ಬಾಯಿಟ್ಟು ಕೂಗಿ ಹೇಳಿದಳು: "ಒಳಗೇ ಇರಪ್ಪ. ಬಣ್ಣ ಒಣಗೋ ತನಕ ಎತ್ತಬೇಡ."