ಮೆಟ್ಟುಕತ್ತಿಯಲ್ಲಿ ಕೊಯ್ದ ಸೀಟು

ನಮ್ಮ ಹಳೆ ಕಾರಿನ ಡ್ರೈವರ್ ಸೀಟು ಗುಂಡಿ ಬಿದ್ದಿತ್ತು. ಮೈ ಒರೆಸುವ ಬೈರಾಸನ್ನು ಮಡಚಿ ಹಾಕಿ ಕೂತು ಕೂತು ಸಾಕಾಗಿ, ದರ್ಬೆ ಪೇಟೆಯಿಂದ ದಪ್ಪ ಫೋಮಿನ ತುಂಡೊಂದನ್ನು ತಂದೇಬಿಟ್ಟೆ. ನಾನೇ ರಿಪೇರಿ ಮಾಡಬೇಕೆಂಬ ಹಟ! ಸೀಟು ಬಿಚ್ಚಿ, ಕವರ್ ಕಳಚಿ ಜಗಲಿಯಲ್ಲಿ ಹರಡಿದೆ. ಕತ್ತರಿಗೆ ಫೋಮು ಬಗ್ಗಲಿಲ್ಲ. ಹೆಂಡತಿ ಅಡುಗೆಮನೆಯಿಂದ ಮೆಟ್ಟುಕತ್ತಿ ತಂದು, ಅದರ ಮಣೆಯನ್ನು ಕಾಲಿನಿಂದ ಒತ್ತಿ ಕೂತಳು. ಕೂತವಳೇ ಅಲಗಿಗೂ ಅಂಗೈಗೂ ತೆಂಗಿನೆಣ್ಣೆ ಸವರಿಕೊಂಡಳು.

“ಇದು ಹಲಸಿನಹಣ್ಣಲ್ಲ ಮಾರಾಯ್ತಿ! ಇದರಲ್ಲಿ ಮೇಣ ಎಲ್ಲಿ ಉಂಟು?” ಎಂದು ಕೂಗಿದೆ.

“ಅಯ್ಯೋ, ಕೈ ತನ್ನಷ್ಟಕ್ಕೇ ಹೋಯ್ತು!” ಎಂದು ನಕ್ಕಳು. ಫೋಮು ಮಾತ್ರ ಅಚ್ಚುಕಟ್ಟಾಗಿ ಹೋಳಾಯಿತು. ಗುಂಡಿಗೆ ಅದನ್ನು ಕೂರಿಸಿ, ಅಂಟು ಹಚ್ಚಿ, ಕವರ್ ಎಳೆದು ಕಟ್ಟಿದೆವು.

ಮರುದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಡಬದ ಕಡೆ ಹೊರಟೆ. ಕಾರಿಡೀ ಎಣ್ಣೆಯ ಪರಿಮಳ. ಸೀಟೋ, ಸಿಂಹಾಸನವೇ! ಕೊಯಿಲ ದಾಟುವಾಗ ಸಂತೋಷ ತಡೆಯಲಾರದೆ ಬೊಬ್ಬೆ ಹೊಡೆದೆ: “ನೋಡು, ನನಗೆ ಬಾನೆಟ್ ಕಾಣ್ತದೆ!”

ಅವಳು ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಹಾಗಾದ್ರೆ ಇಷ್ಟು ವರ್ಷ ನಿಮಗೆ ಕಾಣ್ತಾ ಇರ್ಲಿಲ್ವಾ?”