ಕೌದಿಗೂ ಒಂದು ತುತ್ತು

ಕುರಕುಂಟಾದ ಚಿಗವ್ವನ ಮನೆಯಲ್ಲಿ ಮಧ್ಯಾಹ್ನಗಳು ಬಹಳ ಸ್ಲೋ. ಬಿಸಿಲು ಶಹಾಬಾದ್ ಕಲ್ಲಿನ ನೆಲದ ಮೇಲೆ ಸದ್ದಿಲ್ಲದೆ ಸರಿಯುತ್ತದೆ. ವಾಡಿ ಕಡೆಯ ರೈಲು ಎಲ್ಲೋ ದೂರ ಕೂಗುತ್ತದೆ. ನಾನು ಎಚ್ಚರವೋ ನಿದ್ದೆಯೋ ತಿಳಿಯದೆ ಕೂತಿರುತ್ತೇನೆ. ಚಿಗವ್ವ ನನ್ನ ತಾಯಿಯ ತಂಗಿ. ನಾನು ಹೈದರಾಬಾದಿನ ಬಾಡಿಗೆ ಫ್ಲ್ಯಾಟಿಗೆ ಬೀಗ ಹಾಕಿ ಇಲ್ಲಿಗೆ ಬಂದದ್ದು ಹೋದ ದೀಪಾವಳಿಗೆ. ಫ್ಲ್ಯಾಟನ್ನು ಪೂರ್ತಿ ಬಿಟ್ಟಿರಲಿಲ್ಲ. ಇಲ್ಲಿ ನನಗೆ ಜಾಗವಿದೆಯೇ ಎಂದು ಮೊದಲು ತಿಳಿಯಬೇಕಿತ್ತು.

ಚಿಗವ್ವ, ಅವಳ ಗಂಡ ಕಾಕಾ ಇಬ್ಬರೂ ಎಂಬತ್ತು ದಾಟಿದವರು. ಹಳ್ಳದವರೆಗೆ ತೊಗರಿ ಹೊಲ, ಶಹಾಬಾದ್ ಕಡೆ ಕಲ್ಲಿನ ಗಣಿ, ಚಂದಾಪುರದಲ್ಲಿ ಸಾಲು ಅಂಗಡಿಗಳು. ಒಂದನ್ನೂ ಬಾಯಿಬಿಟ್ಟು ಹೇಳಿದವರಲ್ಲ. ಕಾಕಾನ ಅಂಗಿಯ ಕಾಲರ್ ಸವೆದರೆ ಬಿಚ್ಚಿ, ತಿರುವಿ ಹೊಲಿಯುತ್ತಾರೆ. ಅಂಗಳದಲ್ಲಿ ನಿಂತ ಕಾರಿನ ಬಾನೆಟ್ ಮೇಲೆ ಮೆಣಸಿನಕಾಯಿ ಒಣಗುತ್ತದೆ. ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆದಮೇಲಂತೂ ಚಿಗವ್ವ ಸೇಡಂ ಸಂತೆಗೆ ಒಬ್ಬಳೇ ಹೋಗುತ್ತಾಳೆ.

“ನಿಮಗ ಟಿಕೀಟ ಬೀಳ್ತದ. ಮನ್ಯಾಗ ಕುಂದ್ರಿ,” ಎನ್ನುತ್ತಾಳೆ ಕಾಕಾನಿಗೆ.

“ಮುಂದಿನ ಜನ್ಮಕ್ಕ ಸೀರಿ ಉಟಗೊಂಡೇ ಹುಟ್ಟತೀನಿ, ತಗೋ,” ಎನ್ನುತ್ತಾರೆ ಕಾಕಾ, ಪಕ್ಕದ ಮನೆಯಿಂದ ತಂದ ಪೇಪರಿನಿಂದ ತಲೆ ಎತ್ತದೆ.

ಚಳಿ ಬಂತು. ಕಲ್ಲಿನ ತಂಪು ಚಾಪೆ ದಾಟಿ ಎಲುಬಿಗೆ ಹತ್ತಿತು. ಕಲಬುರಗಿಗೆ ಹೋಗಿ ಮೋಡದಂಥ ಕಂಫರ್ಟರ್ ಒಂದನ್ನು ತಂದೆ. ಚಿಗವ್ವ ಅದನ್ನು ಒತ್ತಿ ನೋಡಿದಳು, ಮಡಚಿದಳು, ಟ್ರಂಕಿನಲ್ಲಿಟ್ಟಳು.

“ಭಾಳ ಛಲೋ ಅದ. ಬಂದವರಿಗಿ ಇರ್ಲಿ.”

“ನನಗ ಹೊದಿಲಿಕ್ಕ ತಂದೀನಿ, ಚಿಗವ್ವ.”

“ನೀ ಯಾಕ ಅದನ್ನ ಹೊದೀತಿ?” ಅಷ್ಟೇ ಅಂದು ರೊಟ್ಟಿ ಬಡಿಯಲು ಹೋದಳು.

ಐ ವಾಸ್ ಹರ್ಟ್. ಶಾಲು ಸುತ್ತಿಕೊಂಡು ಕೂತು, ಪರ್ಸಿನಲ್ಲಿದ್ದ ಫ್ಲ್ಯಾಟಿನ ಕೀಲಿಯನ್ನು ಮುಟ್ಟಿ ನೋಡಿಕೊಂಡೆ. ಸಂಕ್ರಾಂತಿ ಮುಗಿಸಿ ಹೊರಟುಬಿಡುವುದೆಂದು ಮನಸ್ಸು ಮಾಡಿದೆ.

ಮರುದಿನದಿಂದ ಚಿಗವ್ವ ಪಡಸಾಲೆಯಲ್ಲಿ ಹಳೆಯ ಬಟ್ಟೆ ಹರವಿಕೊಂಡು ಕೌದಿ ಹೊಲಿಯತೊಡಗಿದಳು. ನಾನು ಲಕ್ಷ್ಯ ಕೊಡಲಿಲ್ಲ. ಒಂದು ಮಧ್ಯಾಹ್ನ ಜೊಂಪಿನಿಂದ ಕಣ್ಣು ತೆರೆದಾಗ, ಕಾಕಾನ ಧೋತರ, ಅವಳ ಇಳಕಲ್ ಸೀರೆಗಳ ತುಂಡುಗಳ ನಡುವೆ ಒಂದು ನೇವಿ ಬ್ಲೂ ಚೌಕ ಕಂಡಿತು. ನೆರಿಗೆಯ ಗೆರೆಗಳು ಇನ್ನೂ ಮಾಸಿರಲಿಲ್ಲ. ನನ್ನ ಕಾನ್ವೆಂಟಿನ ಸ್ಕರ್ಟ್. ಯಾವುದೋ ಬೇಸಿಗೆ ರಜೆಯಲ್ಲಿ ಇಲ್ಲೇ ಮರೆತು ಹೋದದ್ದು. ಎಲ್ಲಿಂದಲೋ ಮಾರ್ನಿಂಗ್ ಪ್ರೇಯರಿನ ಗಂಟೆ ಕೇಳಿದ ಹಾಗಾಯಿತು.

“ಇದನ್ನ ಇನ್ನಾ ಇಟ್ಟೀಯೇನು?”

“ಅರಿವಿ ಗಟ್ಟಿ ಇತ್ತು. ಹೆಂಗ ಒಗೀಲಿ?” ಸೂಜಿ ನಿಲ್ಲಿಸದೆ ಅಂದಳು. “ಟ್ರಂಕಿನಾಗಿಂದು ಬಂದವರಿಗಿ. ಮನೀ ಮಂದಿಗಿ ಕೌದಿ. ಅಷ್ಟು ಇಂಗ್ಲಿಷ್ ಓದೀದಿ, ಇಷ್ಟು ತಿಳೀಲಿಲ್ಲೇನು? ಖಾಲಿ ಮನೀಗಿ ಬಾಡಿಗಿ ಬ್ಯಾರೆ ಕಟ್ಟಾಕತ್ತೀದಿ.”

ನಾನು ಅವಳ ಪಕ್ಕಕ್ಕೆ ಸರಿದು ಕೂತೆ.

ಕೊನೆಯ ಮೂಲೆಯನ್ನು ಹೊಲಿಯದೆ ಬಿಟ್ಟಿದ್ದಳು. ಹೊದೆಯುವವರು ಅದರೊಳಗೆ ಒಂದು ತುತ್ತು ಇಟ್ಟು ತಾವೇ ಮುಚ್ಚಬೇಕು, ಕೌದಿ ಹಸಿದಿರಬಾರದು. ಅದು ಈ ಮನೆಯ ರೂಢಿ. ನಾನು ಬುಟ್ಟಿಯಿಂದ ಖಡಕ್ ರೊಟ್ಟಿ ತೆಗೆದು ಅರ್ಧಕ್ಕೆ ಮುರಿದೆ.

ಚಿಗವ್ವ ಅದನ್ನು ಕಸಿದುಕೊಂಡು, ಉಗುರಿನಷ್ಟು ಚೂರು ನನ್ನ ಕೈಗಿಟ್ಟು, ಉಳಿದದ್ದನ್ನು ಬುಟ್ಟಿಗೆ ಹಾಕಿದಳು.

“ಅದಕ್ಕ ಇಷ್ಟ ಸಾಕು. ಸಂಜಿಗಿ ನಮಗ ಮೂರೂ ಮಂದಿಗಿ ಬೇಕಲ್ಲ.”

ಬಿಸಿಲು ಬಾಗಿಲವರೆಗೆ ಸರಿದಿತ್ತು. ಮೂಲೆ ಹೊಲಿದು ಮುಗಿಸಿ, ಹೈದರಾಬಾದಿನ ಫ್ಲ್ಯಾಟಿನ ಓನರ್‌ಗೆ ಫೋನ್ ಹಚ್ಚಿದೆ.