ನಾಲ್ಕು ಬಾಟ್ಲಿ, ಒಂದು ಮೂಗು

ಖರೇ ಹೇಳಬೇಕಂದ್ರ ನನಗ ಫ್ರಾನ್ಸಿನ ವೈನ್ ಬೇಕಾಗಿರಲಿಲ್ಲ. ನನ್ನ ಗಂಡನ ಮೂಗು ಬೇಕಾಗಿತ್ತು. ವೈನ್ ಅದರ ಸಲುವಾಗಿ ನಡುವ ಬಂತು.

ಊರಿಗೆಲ್ಲಾ ಜ್ವರ ಬಂದ ವರ್ಷ ಇವರಿಗೂ ಬಂತು. ಜ್ವರ ಇಳೀತು, ಕೆಮ್ಮು ಹೋತು, ಹೋಗೋ ಮುಂದ ವಾಸನಿನೂ ಕಟ್ಟಿಕೊಂಡು ಹೋತು. ಉಪ್ಪು, ಹುಳಿ, ಖಾರ ನಾಲಿಗಿಗೆ ಗೊತ್ತಾಗ್ತಿದ್ವು. ಅದರಾಚೆ ಏನೂ ಇಲ್ಲ. ಡಾಕ್ಟರು ಬರ್ತೈತಿ ಅಂದ್ರು, ಯಾವಾಗ ಅಂತ ಹೇಳಲಿಲ್ಲ.

ಇವರದು ಅಂಥಿಂಥ ಮೂಗಲ್ಲ. ಮದಿವಿ ಆದ ವಾರದಾಗ, ಅತ್ತಿಯವರ ಮುಂದನ, "ತುಪ್ಪ ಕಾಸಿದ್ದು ಒಂಚೂರು ಮುಂದ ಹೋಗೇತಿ" ಅಂತ ನನ್ನ ಮರ್ಯಾದಿ ತಗದ ಮೂಗು ಅದು. ಹಿತ್ತಲದಾಗ ನಿಂತು ಮೂಸಿ ನೋಡಿ, ಇವತ್ತ ಬದ್ನಿಕಾಯಿಗೆ ಗುರೆಳ್ಳು ಹಾಕಿಲ್ಲ ಅಂತಿದ್ರು. ಈ ಮನುಷ್ಯಾ ಒಂದಿನಾನರ ಸುಮ್ಮನ ಉಂಡು ಎದ್ದರ ಸಾಕಪ್ಪಾ ಅಂತ ಎಷ್ಟೋ ವರ್ಷ ಬೇಡಿಕೊಂಡಾಕಿ ನಾನು. ಬೇಡಿಕೊಂಡದ್ದು ಸಿಕ್ತು. ಹೊತ್ತಿದ್ದಕ್ಕೂ "ಛಲೋ ಐತಿ", ಹಳಸಿದ್ದಕ್ಕೂ "ಛಲೋ ಐತಿ". ಕೈ ತೊಳಕೊಂಡು ಎದ್ದು ಹೋಗ್ತಿದ್ರು. ನಾನು ಅಡಗಿಮನ್ಯಾಗ ನಲ್ಲಿ ಬಿಟ್ಟುಕೊಂಡು ಅಳ್ತಿದ್ದೆ.

ಒಂದು ವರ್ಷ ದಾಟಿತ್ತು ಅನಸ್ತದ. ಮಧ್ಯಾಹ್ನ ಬ್ಯಾಳಿ ಬಡಿಸಿದೆ. ಇವರು ಒಂದು ತುತ್ತು ಬಾಯಿಗೆ ಇಟ್ಟು, ತಲಿ ಎತ್ತಿ, "ಒಗ್ಗರಣ್ಯಾಗ ಬಳ್ಳೊಳ್ಳಿ ಹೊತ್ತೇತಿ" ಅಂದ್ರು. ಖರೇನ ಹೊತ್ತಿತ್ತು. ನನಗ ಆದ ಸಂತೋಷ ಏನ ಹೇಳ್ಲಿ! ಬೈಸಿಕೊಂಡ ಖುಷಿಗೆ ಅವತ್ತ ಸಂಜಿಗೆ ಹೋಳಿಗಿ ಮಾಡಿದೆ. ಅಲ್ಲಿಂದ ಮುಂದ ಆಗಾಗ ಒಂದೊಂದು ತಪ್ಪು ತಗೀತಿದ್ರು. ತಗದದ್ದು ಒಂದೂ ಸುಳ್ಳಿರತಿರಲಿಲ್ಲ.

ಆದರ ಒಂದು ಮುಂಜಾನಿ ಒಲಿ ಮ್ಯಾಲಿನ ಹಾಲು ತಳ ಹತ್ತಿ, ಓಣಿಯವರೆಲ್ಲಾ ಕಿಡಕಿ ಮುಚ್ಚೋ ಹಂಗ ವಾಸನಿ ಎದ್ದಿತ್ತು. ನಾನು ಮಾಳಿಗಿ ಮ್ಯಾಲೆ ಇದ್ದೆ. ಕೆಳಗ ಓಡಿ ಬಂದು ನೋಡ್ತೇನಿ, ಇವರು ಅಡಗಿಮನಿ ಬಾಗಲದಾಗ ಖುರ್ಚಿ ಹಾಕ್ಕೊಂಡು ಆರಾಮ ಪೇಪರ ಓದಾಕತ್ತಾರ. "ವಾಸನಿ ಬರಲಿಲ್ಲೇನ್ರೀ?" ಅಂದೆ. "ಬಂತು, ನೀ ನೋಡ್ತಿ ಅಂತ ಸುಮ್ಮನಿದ್ದೆ" ಅಂದ್ರು. ಅವತ್ತಿನಿಂದ ನನಗ ಸಂಶೇ ಹತ್ತಿತು. ಮೂಗು ಬಂದೈತೋ ಇಲ್ಲೋ?

ಇನ್ನ ಬಾಟ್ಲಿ ವಿಷಯ. ಇವರು ದುಡೀತಿದ್ದದ್ದು ತಾರಿಹಾಳದ ಒಂದು ಫ್ಯಾಕ್ಟರಿಯೊಳಗ. ಅಲ್ಲಿಯ ಮಷೀನು ಫ್ರಾನ್ಸಿಂದು. ಅದನ್ನ ನೋಡಾಕ ವರ್ಷಕ್ಕೊಮ್ಮೆ ಒಬ್ಬ ಫ್ರಾನ್ಸಿನವ ಬರ್ತಿದ್ದ, ಬರೋ ಮುಂದ ಇವರಿಗೊಂದು ವೈನ್ ಬಾಟ್ಲಿ ತರ್ತಿದ್ದ. ಎಲ್ಲಾ ಒಂದ ತೋಟದ್ದು, ದ್ರಾಕ್ಷಿ ಬೆಳದ ವರ್ಷ ಅಷ್ಟ ಬ್ಯಾರೆ ಬ್ಯಾರೆ: ಎರಡು ಸಾವಿರದ ಹದಿಮೂರರದು, ಹದಿನಾಲ್ಕರದು, ಹದಿನೈದರದು, ಹದಿನಾರರದು. ಬೋರ್ಡೋ ಸೀಮಿದಂತ. ನಮ್ಮ ತವರಮನ್ಯಾಗ ಬೋರ್ಡೋ ಅಂದ್ರ ಮೈಲುತುತ್ತ, ಸುಣ್ಣ ಕಲಸಿ ರೋಗ ಬಂದ ದ್ರಾಕ್ಷಿ ಬಳ್ಳಿಗೆ ಹೊಡಿಯೋ ಎಣ್ಣಿ. ಅದನ್ನ ಕುಡಿಯೋದೈತಿ ಅಂತ ನನಗ ಆವಾಗ ಗೊತ್ತಾತು.

ಆ ಫ್ರಾನ್ಸಿನವ ಹೇಳಿದ್ದನಂತ: ಒಂದೊಂದ ತಗದು ಕುಡೀಬ್ಯಾಡ, ನಾಲ್ಕೂ ಬಾಜು ಬಾಜು ಇಟ್ಟು ಒಮ್ಮೆ ಮೂಸಿ ನೋಡು, ಹದಿನೈದರ ಬಿಸಲು ಭಾಳ ಛಲೋ ಇತ್ತು, ಅದರಾಗ ಗೊತ್ತಾಗ್ತದ ಅಂತ. ಇವರು ಬಾಟ್ಲಿಗಳನ್ನ ಜ್ವಾಳದ ಖೋಲ್ಯಾಗ ಕೆಳಗಿನ ಹಲಗಿ ಮ್ಯಾಲೆ ಅಡ್ಡ ಮಲಗಿಸಿ ಇಟ್ರು. ನಮ್ಮದು ವಿಭೂತಿ ಹಚ್ಚೋ ಮನಿತನ. ಅತ್ತಿಯವರಿಗೆ ಏನಂತ ಹೇಳೋದು? "ಫ್ರಾನ್ಸಿನ ದ್ರಾಕ್ಷಿ ಅರಿಷ್ಟ" ಅಂತ ಇವರು ಹೇಳಿದ್ರು. ಅತ್ತಿಯವರು ನಂಬಿದ್ರು. ಅಜೀರ್ಣಕ್ಕ ಛಲೋ, ಯಾಕ ಸುಮ್ಮನ ಇಟ್ಟಿ, ಊಟಾದ ಮ್ಯಾಲೆ ಎರಡ ಚಮಚಾ ತಗೋ ಅಂತ ವರ್ಷಗಟ್ಟಲೆ ಗಂಟು ಬಿದ್ದಿದ್ರು.

ನಮ್ಮ ಕಡೆ ದಸರಾ ಬಂತಂದ್ರ ಮನ್ಯಾಗ ಇದ್ದದ್ದೆಲ್ಲಾ ನೀರು ಕಾಣಬೇಕು. ಹಾಸಿಗಿ, ಹೊದಿಕಿ, ಡಬ್ಬಿ, ಮುಚ್ಚಳಾ, ವರ್ಷಿಡೀ ಮುಟ್ಟದ ತಾಮ್ರದ ಹಂಡೆ, ಯಾವುದಕ್ಕೂ ಮಾಫಿ ಇಲ್ಲ. ಹೋದ ವರ್ಷ ನಾನು ಹಾಸಿಗಿ ತುಳಿಯಾಕ ಹಿತ್ತಲಕ್ಕ ಹೋಗಿದ್ದೆ. ಅತ್ತಿಯವರಿಗೆ ಎಂಬತ್ತರ ಹತ್ರ ವಯಸ್ಸು, ಸುಮ್ಮನ ಕುಂದರು ಅಂದ್ರ ಸಿಟ್ಟು ಬರ್ತದ. ಜ್ವಾಳದ ಖೋಲಿ ಅವರ ಪಾಲಿಗೆ ಬಂದಿತ್ತು. ಧೂಳ ಹಿಡಿದ ನಾಲ್ಕೂ ಬಾಟ್ಲಿ ಬಚ್ಚಲಕ್ಕ ಒಯ್ದು, ನೆನಿ ಹಾಕಿ, ತೆಂಗಿನ ಜುಂಗಿನಿಂದ ತಿಕ್ಕಿ, ಇಸ್ವಿ ಬರದಿದ್ದ ಚೀಟಿ ಒಂದು ಚೂರೂ ಉಳಿಯದಂಗ ತೊಳದು ಬಿಸಲಿಗೆ ಇಟ್ರು. ಆಮ್ಯಾಲೆ ಖಂಡೆ ಪೂಜಿ ದಿನ ಸ್ಕೂಟರಿಗೆ, ಮಿಕ್ಸರಿಗೆ ಹಚ್ಚಿದಂಗ ಅವಕ್ಕೂ ಮೂರು ಬಟ್ಟಿಲೆ ವಿಭೂತಿ ಹಚ್ಚಿದ್ರು.

ಇವರು ಒಂದೊಂದ ಎತ್ತಿ ತಿರುವಿ ತಿರುವಿ ನೋಡಿದ್ರು. ನಾಲ್ಕು ಕರಿ ಬಾಟ್ಲಿ, ಥಳಥಳ ಹೊಳಿಯಾಕತ್ತಾವ, ಯಾವುದು ಯಾವ ವರ್ಷದ್ದು ಅಂತ ಆ ಶಿವನಿಗೂ ಗೊತ್ತಿಲ್ಲ. "ಎಷ್ಟ ಹೊಲಸಾಗಿದ್ವು ಅಂತಿ" ಅಂದ್ರು ಅತ್ತಿಯವರು.

ರಾಯಾಪುರದಾಗ ಇವರ ಗೆಳೆಯರೊಬ್ಬರು ಅದಾರ, ಫ್ಯಾಕ್ಟರಿಯೊಳಗ ಜೋಡಿ ದುಡಿದವರು. ಅವರಿಗೆ ಸುದ್ದಿ ಮುಟ್ಟಿತು. "ಬೂಚಿನ ಮ್ಯಾಲೆ ಇಸ್ವಿ ಛಾಪಿಸಿರ್ತಾರೋ ಮಾರಾಯಾ! ಬೂಚು ನಾ ತಗದು ಕಿಸೇದಾಗ ಇಟ್ಕೋತೇನಿ. ನೀ ಮೂಸಿ ಹೇಳು. ನಿನ್ನ ಮೂಗಿಗೆ ಇದಕ್ಕಿಂತಾ ಛಲೋ ಪರೀಕ್ಷಾ ಎಲ್ಲಿ ಸಿಗ್ತದ?" ಅಂದ್ರು. ಇವರು "ಆತು" ಅಂದ್ರು. ನನಗೂ ಬೇಕಾಗಿದ್ದು ಅದ. ಚೀಟಿ ಇದ್ದಿದ್ರ ಓದಿಕೊಂಡು ಹೇಳಬಹುದಿತ್ತು. ಈಗ ಮೂಗೊಂದ ಆಧಾರ.

ಐತವಾರ ಮಧ್ಯಾಹ್ನ ಗೆಳೆಯರು ಹೆಂಡತಿನ್ನ ಕರಕೊಂಡು ಬಂದ್ರು. ಒಬ್ಬೊಬ್ಬರಿಗೆ ನಾಲ್ಕು ಗ್ಲಾಸ್ ಬೇಕು ಅಂತ ಇವರ ಹುಕುಂ. ನಮ್ಮ ಶರಬತ್ತಿನ ಗ್ಲಾಸು ಸಾಲಲಿಲ್ಲ, ಬಾಜೂ ಮನಿಯವರ ಕಡಿಂದ ತಂದೆ, ಯಾಕ ಅಂತ ಅವರು ಕೇಳಿದ್ದಕ್ಕ ಪಾನಕ ಅಂದೆ. ನಾನು ಮಿರ್ಚಿ ಕರಿಯಾಕ ಹೋದ್ರ, "ಎಣ್ಣಿ ವಾಸನಿ ಬ್ಯಾಡ, ಮೂಗು ಕೆಡ್ತದ" ಅಂತ ಇವರು ತಡದ್ರು. ಗೆಳೆಯರ ಮಾರಿ ಸಪ್ಪಗಾತು. ಅವರು ವೈನಿಗಿಂತಾ ಮಿರ್ಚಿ ಸಲುವಾಗಿ ಬಂದಿದ್ರು ಅನಸ್ತದ.

ಅವರ ಹೆಂಡತಿ, "ನೀವು ತಗೊಂಡ್ರ ನಾ ತಗೋತೇನ್ರಿ" ಅಂತ ನನ್ನ ಮ್ಯಾಲೆ ಹಾಕಿದ್ರು. ಮನಿಗೆ ಬಂದವರನ್ನ ಒಬ್ಬರನ್ನ ಬಿಡಾಕ ಆಗ್ತದೇನು? ಹುಟ್ಟಿದಾಗಿಂದ ಮುಟ್ಟದ್ದನ್ನ ಕೈಯಾಗ ಹಿಡಕೊಂಡು ಕುಂತೆ. ನಮ್ಮವ್ವ ನನಗ ಕಲಿಸಿದ್ದು ಒಂದ. ಬಂದವರ ಮುಂದ ಬಾಯಾಗ ಏನ ಬಿದ್ರೂ ಮಾರಿ ಸೊಟ್ಟ ಮಾಡಬಾರದು. ಹಾಗಲಕಾಯಿ ರಸ ಕೊಟ್ರೂ ನಾನು ಮದಿವಿ ಫೋಟೋದಾಗ ಕುಂತಂಗ ಕುಂದರ್ತೇನಿ.

ಮೊದಲನೇದ್ದು ಹಾಕಿದ್ರು. ಇವರು ಗ್ಲಾಸ್ ತಿರುವಿ, ಮೂಗು ಒಳಗಿಟ್ಟು, ಒಂದು ಗುಟುಕು ಕುಡುದು, ಗ್ಲಾಸಿನ ಅಂಚಿನ ಮ್ಯಾಲಿಂದ ನನ್ನ ಕಡೆ ನೋಡಿದ್ರು. ನಾನೆಲ್ಲಿ ಎಚ್ಚರ ತಪ್ಪಿ ಬೀಳ್ತೇನೋ ಅಂತ ಕಾಳಜಿ ಅನ್ಕೊಂಡೆ. "ಭಾಳ ಚೊಗರು. ಎಳೇದು. ಹದಿನಾರು" ಅಂದ್ರು. ಗೆಳೆಯರು ಕಿಸೇದಿಂದ ಬೂಚು ತಗದು ನೋಡಿ, "ಹದಿನಾರ!" ಅಂದ್ರು. ನನ್ನ ಎದಿ ಹಗರಾತು. ಎರಡನೇದ್ದಕ್ಕೂ ಹಂಗ ನನ್ನ ಮಾರಿ ನೋಡಿ, ಒಂಚೂರು ತಡದು, "ಹದಿಮೂರು" ಅಂದ್ರು. ಹದಿನಾಲ್ಕಿತ್ತು. ಒಂದು ವರ್ಷ ಹೆಚ್ಚುಕಡಿಮಿ ಆದ್ರ ಏನಾತು, ನಮ್ಮ ಲಗ್ನದ ವರ್ಷನ ಇವರಿಗೆ ಎರಡು ವರ್ಷ ತಪ್ತದ.

ಮೂರನೇದ್ದು ಗ್ಲಾಸಿಗೆ ಬಿತ್ತು. ಅಯ್ಯ ಶಿವನೇ! ಮಳ್ಯಾಗ ತೋಯ್ಸಿ ಮೂಲ್ಯಾಗ ಒಗದು ಮರತ ಗೋಣಿಚೀಲ ಇರ್ತದಲ್ಲ, ಅದರ ವಾಸನಿ, ಪೂರಾ ಕೆಟ್ಟು ಹೋಗಿತ್ತು. ಗೆಳೆಯರ ಮೂಗು ಮ್ಯಾಲೇರಿತು. ಅವರ ಹೆಂಡತಿ ಸೆರಗು ಬಾಯಿಗೆ ಹಿಡಿದ್ರು. ನಾನು ಮನಿ ಯಜಮಾನತಿ, ಗಪ್ಪನ ಒಂದು ಗುಟುಕು ನುಂಗಿ ಕುಂತೆ. ಮಾರಿ ಮ್ಯಾಲೆ ಒಂದು ಗೆರಿ ಆಚೀಚಿ ಆಗಲಿಲ್ಲ.

ಇವರು ಮೂಸಿದ್ರು. ಕುಡುದ್ರು. ನನ್ನ ನೋಡಿದ್ರು. ಮತ್ತೊಮ್ಮೆ ನೋಡಿದ್ರು. ಆಮ್ಯಾಲೆ ಕಣ್ಣು ಮುಚ್ಚಿ, "ಇದಕ್ಕ ಸರಿಸಾಟಿ ಇಲ್ಲ ಬಿಡ್ರಿ. ಏನ ಘಮಾ! ಇದ ಹದಿನೈದು" ಅಂದ್ರು.

ಗೆಳೆಯರು ಬೂಚು ತಗದ್ರು. ಹದಿನೈದ ಇತ್ತು. "ಭಲೇ!" ಅಂತ ಚಪ್ಪಾಳಿ ಹೊಡದ್ರು, ಹೊಡದು ತಮ್ಮ ಗ್ಲಾಸ್ ದೂರ ಸರಿಸಿದ್ರು. "ನನಗೇನೋ ಬ್ಯಾರೆ ವಾಸನಿ ಬಂದಂಗಾತು. ಇರ್ಲಿ, ನನಗೇನ ತಿಳೀತದ" ಅಂದ್ರು. ಇವರು ನಕ್ರು. ಪರೀಕ್ಷಾ ಪಾಸಾಗಿತ್ತು. ನಾನು ನನ್ನ ಗ್ಲಾಸ್ ಮತ್ತೊಮ್ಮೆ ಮೂಸಿದೆ, ಅದ ಗೋಣಿಚೀಲ.

ಅಷ್ಟರಾಗ ಅತ್ತಿಯವರು ಅವಲಕ್ಕಿ ತಾಟು ಹಿಡಕೊಂಡು ಬಂದು, ಇವರ ಮುಂದ ಬಗ್ಗಿ ಇಟ್ಟು, ಅಲ್ಲೇ ನಿಂತ್ರು. ಮೂಗಿನಿಂದ ಎರಡು ಸಲ ಎಳಕೊಂಡ್ರು. "ಇಲ್ಲಿ ಗೋಣಿಚೀಲ ಯಾರು ತೋಯ್ಸಿರಿ? ಹೊರಗ ಹಾಕ್ರೆವ್ವಾ, ಮನಿಯೆಲ್ಲಾ ನಾರಾಕತ್ತೇತಿ" ಅಂದು ಒಳಗ ಹೋದ್ರು. ಇವರು ಗ್ಲಾಸ್ ಕೆಳಗಿಟ್ರು. ನಾಲ್ಕನೇದ್ದರ ಬೂಚು ತಗದಿತ್ತು, ಹಾಕಿಕೊಡ್ರಿ ಅಂತ ಯಾರೂ ಕೇಳಲಿಲ್ಲ. ಗೆಳೆಯರಿಗೆ ಒಮ್ಮಿಂದೊಮ್ಮೆ ಬೆಂಗೇರಿಯೊಳಗ ಏನೋ ಕೆಲಸ ನೆನಪಾತು, ಗಂಡಹೆಂಡತಿ ಅವಲಕ್ಕಿ ಅರ್ಧಾ ಬಿಟ್ಟು ಎದ್ರು.

ಅವರನ್ನ ಗೇಟಿನ ತನಕ ಕಳಿಸಿ ಬಂದೆ. ಇವರು ಅಲ್ಲೇ ಕುಂತಿದ್ರು.

"ಬಂದಿಲ್ಲ, ಹೌದಲ್ರೀ?" ಅಂದೆ.

"ಇಲ್ಲ."

"ಬಳ್ಳೊಳ್ಳಿ ಹೊತ್ತೇತಿ ಅಂದ್ರಿ. ತುಪ್ಪ ಜಡ್ಡಾಗೇತಿ ಅಂದ್ರಿ. ಎಲ್ಲಾ ಖರೇ ಇತ್ತಲ್ರೀ!"

"ನಿನ್ನ ಮಾರಿ ನೋಡಿ ಹೇಳ್ತಿದ್ದೆ" ಅಂದ್ರು. "ಅಡಗಿ ಕೆಟ್ಟಿದ್ರ ಬಡಿಸೋ ಮುಂದ ನಿನ್ನ ತುಟಿ ಒಂದ ಕಡೆ ಹೋಗ್ತದ. ಏನ ಕೆಟ್ಟೇತಿ ಅಂತ ನೀ ಒಲಿ ಮುಂದ ಗೊಣಗೋದು ಕೇಳಿರ್ತದ. ಇವತ್ತ ನೀ ಕಲ್ಲ ಕುಂತಂಗ ಕುಂತಿದ್ದಿ. ಏನೂ ಕೆಟ್ಟಿಲ್ಲ ಅನ್ಕೊಂಡೆ. ಚೊಗರು ನಾಲಿಗಿಗೆ ಗೊತ್ತಾತು, ಉಳಿದ ಇಸ್ವಿ ಅಂದಾಜಿಗೆ ಹೇಳಿದೆ."

ನನಗ ಸಿಟ್ಟು ನೆತ್ತಿಗೇರಿತು. ಇಷ್ಟ ದಿನ ನನ್ನನ್ನ ನನ್ನ ಮನ್ಯಾಗ ಮಂಗ್ಯಾ ಮಾಡಿದ್ರು. "ಯಾಕ? ಯಾರು ಕೇಳಿದ್ರು ನಿಮಗ ಈ ನಾಟಕಾ?" ಅಂತ ಒದರಿದೆ.

"ನಲ್ಲಿ ಬಿಟ್ರ ಅಳೋದು ಕೇಳೂದಿಲ್ಲ ಅನ್ಕೊಂಡಿದ್ದೇನು?" ಅಂದ್ರು. "ಮೂಗು ಹೋಗೇತಿ, ಕಿವಿ ಹೋಗಿಲ್ಲ."

ಇಂಥಾ ಮನುಷ್ಯಾನ್ನ ಏನ ಮಾಡೋದು? ಪಾಪ ಅನಸ್ತು, ಸಿಟ್ಟೂ ಬಂತು, ಇಷ್ಟ ವರ್ಷದಾಗ ಇವರ ಮ್ಯಾಲೆ ಅಷ್ಟು ಜೀವ ಬಂದದ್ದು ನನಗ ನೆನಪಿಲ್ಲ. ಬಾಜೂ ಕುಂತೆ. ಇವರು ನಾಲ್ಕನೇ ಬಾಟ್ಲಿ ತಗೊಂಡು ಒಂದು ಗ್ಲಾಸಿಗೆ ಹಾಕಿ ನನ್ನ ಕೈಗೆ ಕೊಟ್ರು.

"ಹೆಂಗೈತಿ, ಹೇಳು."

"ನನಗೇನ ಗೊತ್ತಾಗ್ತದ್ರಿ?"

"ಮೂಸು ಮೊದಲ."

ಮೂಸಿದೆ. "ಅರಿಷ್ಟ ಇದ್ದಂಗೈತಿ" ಅಂದೆ.

"ಅಷ್ಟ?"

ಮತ್ತ ಮೂಸಿದೆ. "ನೇರಲಹಣ್ಣು."

"ಹಣ್ಣೋ, ಚೀಪಿ ಉಗುಳಿದ ಬೀಜೋ?"

ಕಣ್ಣಾಗಿನ ನೀರು ಮೂಗಿಗಿಳಿದು ಸರಿಯಾಗಿ ವಾಸನಿನ ಬರವಲ್ಲದಾಗಿತ್ತು. ಸೆರಗಿನಿಂದ ವರಸಿಕೊಂಡು ಮೂರನೇ ಸಲ ಗ್ಲಾಸಿನಾಗ ಮೂಗಿಟ್ಟೆ, ಸಾವಕಾಶ ಎಳಕೊಂಡೆ.

"ಬೀಜ" ಅಂದೆ.

ಇವರು ಕಣ್ಣು ಮುಚ್ಚಿದ್ರು. "ಹಾಂ" ಅಂದ್ರು. "ಮುಂದ ಹೇಳು."